ನಲವತ್ತು ಅಡಿಯ ಆಚೆ

ಬೆಳಗಿನ ಐದೂಮುಕ್ಕಾಲಿಗೆ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿದ ಶಶಿಕಾಂತ ತಕ್ಷಣ ಇಳಿಯಲಿಲ್ಲ. ಇವತ್ತು ಗೊತ್ತಿದ್ದವರು ಯಾರೂ ಈ ಕಡೆ ಬರದಿದ್ದರೆ ಸಾಕು ಅನ್ನಿಸಿತು ಅವನಿಗೆ. ಆಫೀಸಿಗೆ ರಜೆ ಹಾಕಿ, ಹದಿಮೂರು ಗಂಟೆ ನಿಂತು, ವೋಟು ಹಾಕಲು ಬಂದವರಿಗೆಲ್ಲ ಗೌಹರಳ ಹೆಸರಿನ ಕಾಗದ ಹಂಚುತ್ತೇನೆಂದು ಒಪ್ಪಿಕೊಂಡು ಬಂದವನಲ್ಲಿ ಇರಬಾರದ ಆಸೆ ಅದು. ಆಶ್‌ಬರ್ನಿನ ಈ ಭಾಗದ ಟೌನ್‌ಹೌಸುಗಳಲ್ಲಿ ಎರಡು ಮನೆ ಬಿಟ್ಟರೆ ಮೂರನೆಯದು ಗೊತ್ತಿದ್ದವರದೇ. ಯಾರ ಮನೆಯ ತಿಂಡಿ ತಿಂದಿಲ್ಲ, ಯಾರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿಲ್ಲ ಎಂದು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಅವರೆಲ್ಲರ ಪೈಕಿ ಗೌಹರಳಿಗೆ ವೋಟು ಹಾಕುವವರನ್ನು ಎಣಿಸುವುದಕ್ಕೂ ಆ ಕೈಯೇ ಸಾಕು ಎನ್ನುವುದು ಅವನಿಗೆ ಗೊತ್ತಿತ್ತು. ಗೌಹರಳಿಗೂ ಗೊತ್ತಿತ್ತು. ಆದರೂ ನಿಂತಿದ್ದಳು. ಇಲ್ಲಿಯ ಜಿಲ್ಲಾ ಪಂಚಾಯಿತಿಯಂಥ ಕೌಂಟಿ ಬೋರ್ಡಿನ ಒಂದು ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ಯಾರು ನಿಲ್ಲಬೇಕು ಎಂದು ತೀರ್ಮಾನಿಸುವ ಪ್ರೈಮರಿ ಇದು. ಕಣದಲ್ಲಿದ್ದದ್ದು ಇಬ್ಬರೇ, ಇಬ್ಬರೂ ಮೈಸೂರಿನವರು. ಹರಿಪ್ರಸಾದ ಕನ್ನಡ ಕೂಟದ ಹಿಂದಿನ ಅಧ್ಯಕ್ಷ. ಪಕ್ಷದ ದೊಡ್ಡವರೆಲ್ಲ ಅವನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಿದ್ದರು. ಗೌಹರ್ ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ನಿಂತ ಫಾರ್ಮಸಿಸ್ಟ್. ಮಕ್ಕಳು ಮಲಗುವ ಕೋಣೆಯ ಕಿಟಕಿಗೆದುರಾಗಿ ಹಗಲೂ ರಾತ್ರಿ ಸದ್ದು ಮಾಡುವ ಇನ್ನೊಂದು ಡೇಟಾ ಸೆಂಟರು ಬೇಡ ಎಂದು ಕೌಂಟಿಯ ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಮಾತಾಡಿದ್ದೇ ಅವಳ ರಾಜಕೀಯದ ಶುರು.

ಶಾಲೆಯ ಬಾಗಿಲಿನಿಂದ ನಲವತ್ತು ಅಡಿ ಅಳೆದು ಮತಗಟ್ಟೆಯ ಅಧಿಕಾರಿಣಿ ಕಾಲುದಾರಿಗೆ ಅಡ್ಡವಾಗಿ ನೀಲಿ ಟೇಪು ಅಂಟಿಸುತ್ತಿದ್ದಳು. ಅದರ ಒಳಗೆ ಯಾರ ಪರವಾಗಿಯೂ ಬಾಯಿಬಿಡುವಂತಿಲ್ಲ. ಶಶಿಕಾಂತ ಟೇಪಿನ ಆಚೆ, ಒಂದು ಸಣ್ಣ ಮರದ ಪಕ್ಕ, ತನ್ನ ಮಡಚುವ ಕುರ್ಚಿಯನ್ನೂ ಕಾಗದದ ಚೀಲವನ್ನೂ ಇಟ್ಟುಕೊಂಡ. ಹತ್ತು ನಿಮಿಷಕ್ಕೆ ಹರಿಪ್ರಸಾದನ ಕಡೆಯ ಅಭಿಷೇಕ್ ಬಂದ. ಮೂವತ್ತರ ಆಸುಪಾಸಿನವನು, ಪಕ್ಕದ ಊರು ಹರ್ನ್‌ಡನ್ನಿನಲ್ಲಿ ಕೆಲಸ, ಇನ್ನೂ ವೋಟಿನ ಹಕ್ಕು ಇಲ್ಲದಿದ್ದರೂ ಉತ್ಸಾಹಕ್ಕೆ ಕೊರತೆ ಇಲ್ಲದವನು. ನೆರಳಿಗೆ ಬಟ್ಟೆಯ ಚಪ್ಪರ, ಮೇಜು, ಮೂರು ಪೆಟ್ಟಿಗೆ ಡೋನಟ್, ಕಾಫಿಯ ದೊಡ್ಡ ಡಬ್ಬ ಎಲ್ಲವನ್ನೂ ಒಬ್ಬನೇ ಇಳಿಸಿ ಜೋಡಿಸಿದ. ‘ಗುಡ್ ಮಾರ್ನಿಂಗ್ ಅಂಕಲ್! ಅದೇನ್ ಆ ಮರದ ಹತ್ರ ಕೂತಿದೀರಾ, ಬನ್ನಿ ನಮ್ ಟೆಂಟ್ ಕೆಳಗೆ. ಕಾಫಿ ಇದೆ, ನಿಮಗೂ ಸೇರಿಸೇ ತಂದಿದೀನಿ’ ಅಂದ. ಆ ದನಿ ಕೇಳಿದ್ದೇ ಶಶಿಕಾಂತ ಚೀಲದ ಕಾಗದಗಳನ್ನು ಸುಮ್ಮನೆ ಇನ್ನೊಮ್ಮೆ ಜೋಡಿಸಿದ. ಕಾಫಿ ತೆಗೆದುಕೊಂಡ. ಬೇಡ ಅನ್ನಬಹುದಿತ್ತು. ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು.

ಇದೇ ದನಿ ಮೂರು ವಾರದ ಹಿಂದೆ, ಮೇ ಕೊನೆಯ ಆ ಉದ್ದ ವಾರಾಂತ್ಯದಲ್ಲಿ, ಹರಿಪ್ರಸಾದನ ಮನೆಯ ಹಿತ್ತಲಲ್ಲಿ ಬೇರೆಯಾಗಿತ್ತು, ಮೂಗಿನಿಂದ ಬರುತ್ತಿತ್ತು. ಊಟಕ್ಕೆ ಹೋಗುವುದು ಬೇಡ ಎಂದು ಶಶಿಕಾಂತ ಹೇಳಿದ್ದ. ‘ಪಾಲಿಟಿಕ್ಸ್ ಬೇರೆ, ಮನೆ ಬೇರೆ. ಹರಿ ಹೆಂಡ್ತಿ ಫೋನ್ ಮಾಡಿ ಕರ್ದಿದಾಳೆ, ಹೋಗ್ಲಿಲ್ಲ ಅಂದ್ರೆ ಏನ್ ಚೆನ್ನಾಗಿರುತ್ತೆ’ ಎಂದು ಹೆಂಡತಿ ಆರತಿ ಹೊರಡಿಸಿಕೊಂಡು ಹೋಗಿದ್ದಳು. ಬಿಸಿಬೇಳೆಭಾತು, ಬೂಂದಿ, ಮೊಸರನ್ನ. ತಟ್ಟೆ ಹಿಡಿದು ನಿಂತ ಇಪ್ಪತ್ತು ಇಪ್ಪತ್ತೈದು ಜನ. ಅವರ ನಡುವೆ ಅಭಿಷೇಕ್ ತಲೆಯ ಮೇಲೆ ಕೈವಸ್ತ್ರ ಹೊದ್ದುಕೊಂಡು, ‘ನಂದೂಕೆ ಓಟ್ ಹಾಕಿ ಸಾಬ್, ನಿಮ್ದೂಕೆ ಬಿರಿಯಾನಿ ಕೊಡ್ತೀನಿ, ಮಾತ್ರೆ ಫ್ರೀ’ ಎಂದು ಒಂದೊಂದೇ ತಟ್ಟೆಯ ಮುಂದೆ ಬಗ್ಗಿ ಹೋಗುತ್ತಿದ್ದ. ಗೌಹರ್ ಹಾಗೆ ಮಾತಾಡುವುದಿಲ್ಲ. ಮಂಡಿ ಮೊಹಲ್ಲಾದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು ಅವಳು. ಅಲ್ಲಿ ನಿಂತಿದ್ದ ಯಾರಿಗಿಂತಲೂ ಅವಳ ಕನ್ನಡ ಮೇಲು. ಇಂಗ್ಲಿಷಿಲ್ಲದೆ ಮೂರು ವಾಕ್ಯ ಪೂರ್ತಿ ಮಾಡುವುದು ಅಲ್ಲಿದ್ದ ಎಷ್ಟು ಜನಕ್ಕೆ ಬರುತ್ತಿತ್ತು? ಇದೆಲ್ಲ ಶಶಿಕಾಂತನಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ಅಭಿಷೇಕ್ ತನ್ನ ತಟ್ಟೆಯ ಮುಂದೆ ಬಂದು ಬಗ್ಗಿದಾಗ ಎಲ್ಲರೂ ಇವನ ಮುಖವನ್ನೇ ನೋಡಿದರು. ಇವನು ಅವಳ ಕಡೆಯವನಲ್ಲವೆ, ಏನು ಮಾಡುತ್ತಾನೆ ನೋಡೋಣ ಎನ್ನುವ ಹಾಗೆ. ಅವನು ನಕ್ಕ. ತುಟಿಯಲ್ಲಲ್ಲ, ಜೋರಾಗಿ. ಅವನ ನಗುವಿಗೆ ಒಂದು ಗುರುತಿದೆ: ಮೊದಲು ಉಸಿರು ಒಳಕ್ಕೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆಗದ ಸ್ಕೂಟರಿನಂತೆ ಮೂರು ಸಲ ಜಗ್ಗುತ್ತದೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಬುಧವಾರ ಅಡುಗೆಮನೆಯಲ್ಲಿ ಆರತಿ ಒಗ್ಗರಣೆ ಸೌಟು ಕೆಳಗಿಟ್ಟು ಫೋನನ್ನು ಅವನ ಕಿವಿಯ ಹತ್ತಿರ ತಂದಳು. ‘ರೀ, ಇದು ನೀವಲ್ವಾ?’ ಮುಖಗಳು ಕಾಣುತ್ತಿರಲಿಲ್ಲ, ಹುಲ್ಲು, ತಟ್ಟೆಗಳು, ಅಭಿಷೇಕನ ಬೆನ್ನು ಇಷ್ಟೇ. ಆದರೆ ಕೊನೆಯಲ್ಲಿ ಆ ನಗು, ಬೇರೆಲ್ಲರದಕ್ಕಿಂತ ತಡವಾಗಿ ಶುರುವಾಗಿ ಬೇರೆಲ್ಲರದಕ್ಕಿಂತ ತಡವಾಗಿ ನಿಲ್ಲುತ್ತಿತ್ತು. ಮಾರನೆಯ ದಿನ ಟೋಲ್ ರೋಡಿನಲ್ಲಿ ಡ್ರೈವ್ ಮಾಡುತ್ತ ಅವನು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದ. ಅಷ್ಟು ಹೊತ್ತಿಗೆ ಅದು ಪಕ್ಕದ ರಾಜ್ಯದ ರಾಕ್‌ವಿಲ್ಲಿನವರೆಗೂ ಹೋಗಿಯಾಗಿತ್ತು. ಗೌಹರಳಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಎರಡು ದಿನ ಅವಳು ಅವನ ಮೆಸೇಜಿಗೆ ಉತ್ತರ ಕೊಡಲಿಲ್ಲ. ಮೂರನೆಯ ದಿನ ಎಂದಿನಂತೆ ಬರೆದಿದ್ದಳು: ‘ಪ್ರೈಮರಿ ದಿನ ನಿಮ್ಮನ್ನ ಈ ಸ್ಕೂಲಿಗೆ ಹಾಕಿದ್ದೇನೆ. ಬೆಳಗ್ಗೆಯಿಂದ ಸಂಜೆವರೆಗೂ ಇರೋಕೆ ಆಗುತ್ತಾ?’

ಆಗುತ್ತೆ ಎಂದು ಬರೆದ. ಇನ್ನೇನು ಬರೆಯಬಹುದಿತ್ತು? ಮೂರು ವರ್ಷದ ಹಿಂದೆ, ಕೋವಿಡ್ಡಿನ ಆ ಚಳಿಗಾಲದಲ್ಲಿ, ಅವನು ಮಹಡಿಯ ಕೋಣೆಯಲ್ಲಿ ಒಬ್ಬನೇ ಮಲಗಿದ್ದಾಗ ಬಾಗಿಲ ಮುಂದೆ ಒಂದು ಕಾಗದದ ಚೀಲ ಬಂದು ಕೂತಿತ್ತು. ಅದರೊಳಗೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಸಾಧನ. ಮಾತ್ರೆ ತರಿಸಿಕೊಂಡವರ ಪಟ್ಟಿಯಲ್ಲಿ ಅವನ ಹೆಸರು ನೋಡಿ ಗೌಹರ್ ತಾನೇ ತಂದಿಟ್ಟು ಹೋಗಿದ್ದಳು. ಒಂಬತ್ತು ದಿನ, ಸಂಜೆ ಏಳಕ್ಕೆ ಫೋನು. ‘ಎಷ್ಟಿದೆ?’ ‘ತೊಂಬತ್ತೆರಡು.’ ‘ಮಕಾಡೆ ಮಲಗಿ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡ್ತೀನಿ, ಎತ್ಕೊಳ್ಳಿ.’ ಅರ್ಧ ಗಂಟೆಗೆ ಸರಿಯಾಗಿ ಮಾಡುತ್ತಿದ್ದಳು. ಆ ಒಂಬತ್ತು ದಿನದಲ್ಲಿ ಹರಿಪ್ರಸಾದನೂ ಫೋನು ಮಾಡಿರಬಹುದು, ನೆನಪಿಲ್ಲ. ತಾನು ಅವಳ ಬೆನ್ನಿಗೆ ನಿಂತದ್ದು ಡೇಟಾ ಸೆಂಟರಿಗಾಗಿಯೋ, ಆ ‘ಎಷ್ಟಿದೆ’ಗಾಗಿಯೋ ಎಂದು ಅವನು ಎಷ್ಟೋ ಸಲ ಕೇಳಿಕೊಂಡಿದ್ದ.

ಆರು ಗಂಟೆಗೆ ಬಾಗಿಲು ತೆರೆಯಿತು. ಎಂಟರ ಹೊತ್ತಿಗೆ ಆಫೀಸಿಗೆ ಹೋಗುವವರ ಕಾರುಗಳು ಒಂದರ ಹಿಂದೊಂದು ಬಂದವು. ಶಶಿಕಾಂತ ಒಂದೊಂದು ಕಾರಿನಿಂದ ಯಾರು ಇಳಿಯುತ್ತಾರೆ ಎಂದು ಮೊದಲೇ ನೋಡಿ, ಗೊತ್ತಿಲ್ಲದವರಾದರೆ ಧೈರ್ಯವಾಗಿ ಎದ್ದು ಹೋಗುತ್ತಿದ್ದ. ಗೊತ್ತಿದ್ದವರಾದರೆ ಚೀಲದೊಳಗೆ ಏನೋ ಹುಡುಕುತ್ತಿದ್ದ. ಆದರೂ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ‘ಏನ್ ಶಶಿ, ಆ ಕಡೆ ಬಿಸಿಲು ಜಾಸ್ತಿ ಅಲ್ವಾ?’ ಎಂದು ಒಬ್ಬರು ಡೋನಟ್ ಕಚ್ಚುತ್ತ ಕೇಳಿದರು. ಮಗಳ ಗೆಳತಿಯ ತಾಯಿ ಶ್ರೀಲತಾ ಕಾಗದವನ್ನು ಎರಡು ಬೆರಳಿನ ತುದಿಯಲ್ಲಿ ತೆಗೆದುಕೊಂಡು, ‘ಥ್ಯಾಂಕ್ಸ್ ರೀ, ಆರತಿ ಹೇಗಿದಾಳೆ’ ಎಂದು ನಗುತ್ತ ಕೇಳಿ, ವೋಟು ಹಾಕಿ ಹಿಂದಿರುಗುವಾಗ ಅವನ ಎದುರಿಗೇ ಕಸದ ಡಬ್ಬಿಗೆ ಹಾಕಿ, ಮತ್ತೆ ನಕ್ಕು ಕೈಬೀಸಿ ಹೋದಳು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಅದೇ ಅವನಿಗೆ ಸುಸ್ತು ತಂದದ್ದು. ಹತ್ತಕ್ಕೆ ಹರಿಪ್ರಸಾದನೇ ಬಂದ. ದೂರದಿಂದಲೇ ಎರಡೂ ಕೈ ಚಾಚಿಕೊಂಡು ಬಂದು ತಬ್ಬಿಕೊಂಡ. ‘ನೋಡಪ್ಪಾ ಶಶಿ, ನಾಳೆಯಿಂದ ಎಲ್ಲಾ ಮಾಮೂಲಿ. ನಿನ್ ಮೇಲೆ ನಂಗೆ ಒಂಚೂರೂ ಬೇಜಾರಿಲ್ಲ’ ಅಂದ. ನಿನಗೇಕೆ ಬೇಜಾರಾಗಬೇಕು ಎಂದು ಶಶಿಕಾಂತನ ನಾಲಗೆಯವರೆಗೆ ಬಂದಿತ್ತು. ಅಷ್ಟರಲ್ಲಿ ಅಭಿಷೇಕ್ ಫೋನು ಎತ್ತಿಹಿಡಿದು ‘ಅಂಕಲ್, ಸ್ಮೈಲ್’ ಅಂದ. ಹರಿಪ್ರಸಾದನ ತೋಳು ಅವನ ಕುತ್ತಿಗೆಯ ಸುತ್ತ ಇತ್ತು. ಶಶಿಕಾಂತ ಹಲ್ಲು ಬಿಟ್ಟ. ಐದು ನಿಮಿಷಕ್ಕೆ ಆ ಚಿತ್ರ ಎಲ್ಲರ ಫೋನಿನ ಗುಂಪುಗಳಲ್ಲೂ ಇತ್ತು.

ಹರಿಪ್ರಸಾದ ಹೋದ ಮೇಲೆ ಜನ ಕಡಿಮೆಯಾದರು. ಅಭಿಷೇಕ್ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡು ಕೂತ. ‘ಅಂಕಲ್, ಆ ವಿಡಿಯೋ ವಿಷಯ… ಅದನ್ನ ಫಾರ್ವರ್ಡ್ ಮಾಡಿದ್ದು ನಾನಲ್ಲ. ಬರೀ ತಮಾಷೆಗೆ ಮಾಡಿದ್ದು. ನೀವೂ ನಕ್ರಲ್ಲಾ’ ಅಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ನೀವು ನಕ್ಕದ್ದರಿಂದ ಅದು ತಮಾಷೆಯೇ ಎಂದು ನನಗೂ ಖಾತ್ರಿಯಾಯಿತು ಎನ್ನುವ ಹಾಗಿತ್ತು ಆ ಮುಖ. ಶಶಿಕಾಂತ ‘ಹೂಂ’ ಅಂದ.

ಹನ್ನೊಂದೂವರೆಗೆ ಕೇಶವಮೂರ್ತಿಗಳು ಬಂದರು. ಎಂಬತ್ತು ದಾಟಿದ ಮನುಷ್ಯ. ನಂಜನಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ಮಗನ ಜೊತೆ ಇಲ್ಲೇ ಹದಿನೈದು ವರ್ಷದಿಂದ ಇದ್ದವರು. ಎರಡು ಬೀದಿ ಆಚೆಯ ಮನೆಯಿಂದ ಬಿಳಿ ಕೋಲು ಕುಟ್ಟುತ್ತ ಒಬ್ಬರೇ ನಡೆದುಕೊಂಡು ಬಂದಿದ್ದರು. ಅಭಿಷೇಕ್ ಓಡಿಹೋಗಿ ‘ಬನ್ನಿ ತಾತ, ನಾನು ಕರ್ಕೊಂಡು ಹೋಗ್ತೀನಿ’ ಎಂದು ತೋಳು ಹಿಡಿದ. ಅವರು ತೋಳು ಬಿಡಿಸಿಕೊಂಡು, ‘ಶಶಿಕಾಂತ ಇದಾನಾ ಇಲ್ಲಿ?’ ಅಂದರು.

‘ಇದೀನಿ ಸರ್.’

‘ಬಾಪ್ಪ ಒಳಗೆ. ನನಗೆ ಅಕ್ಷರ ಕಾಣಲ್ಲ. ಗುರುತು ಮಾಡಿಕೊಡು.’

‘ಸರ್, ನಾನು ಗೌಹರ್ ಕಡೆಯವನು.’

‘ಗೊತ್ತು ಕಣೋ. ಅದಕ್ಕೇ ನಿನ್ನ ಕರೆದಿದ್ದು. ನಾನು ಹನ್ನೊಂದು ಎಲೆಕ್ಷನ್ನಲ್ಲಿ ಡ್ಯೂಟಿ ಮಾಡಿದೀನಿ. ಸ್ವಂತ ಪಾರ್ಟಿಯೋನು ಅವಸರದಲ್ಲಿ ತಪ್ಪು ಮಾಡ್ತಾನೆ. ಎದುರು ಪಾರ್ಟಿಯೋನು ಎರಡು ಸಲ ನೋಡಿ ಮಾಡ್ತಾನೆ.’

ಟೇಪಿನ ಹತ್ತಿರ ಅಧಿಕಾರಿಣಿ ಅವನನ್ನು ತಡೆದು ಎದೆಯ ಮೇಲಿದ್ದ ಗೌಹರಳ ಹೆಸರಿನ ಬಿಲ್ಲೆ ತೆಗೆಸಿದಳು. ಒಳಗೆ ಮೇಜಿನ ಮೇಲೆ ಒಂದು ಫಾರ್ಮು. ಮತದಾರ ಹೇಳಿದ ಹಾಗೆಯೇ ಗುರುತು ಮಾಡುತ್ತೇನೆ, ಏನು ಮಾಡಿದೆನೆಂದು ಯಾರಿಗೂ ಹೇಳುವುದಿಲ್ಲ ಎಂದು ಅವನು ಸಹಿ ಹಾಕಬೇಕಿತ್ತು, ಹಾಕಿದ. ‘ನಮ್ಮಲ್ಲಾದ್ರೆ ಜೊತೆಗೆ ಬಂದೋನ ಬಲಗೈ ಬೆರಳಿಗೂ ಮಸಿ ಹಚ್ತಿದ್ವಿ’ ಎಂದು ಕೇಶವಮೂರ್ತಿಗಳು ಅಧಿಕಾರಿಣಿಗೆ ಕನ್ನಡದಲ್ಲೇ ಹೇಳಿದರು. ಅವಳು ಅರ್ಥವಾಗದೆ ನಕ್ಕಳು. ಜಿಮ್ನಾಷಿಯಮ್ಮಿನ ಮೂಲೆಯಲ್ಲಿ, ಮೂರು ಕಡೆ ರಟ್ಟಿನ ಮರೆ ಇದ್ದ ಎತ್ತರದ ಮೇಜಿನ ಮೇಲೆ ಮತಪತ್ರ ಬಿಚ್ಚಿಟ್ಟು ಶಶಿಕಾಂತ ಪಿಸುದನಿಯಲ್ಲಿ ಓದಿದ. ಮೇಲೆ ಹರಿಪ್ರಸಾದ, ಕೆಳಗೆ ಗೌಹರ್, ಒಂದೊಂದು ಹೆಸರಿನ ಪಕ್ಕದಲ್ಲೂ ಖಾಲಿ ಮೊಟ್ಟೆಯಾಕಾರ. ಅದರೊಳಗೆ ಕಪ್ಪು ತುಂಬಬೇಕು.

‘ಹರೀಗೆ ಮಾಡು’ ಅಂದರು ಅವರು. ಆಮೇಲೆ, ಯಾರೂ ಕೇಳದಿದ್ದರೂ, ‘ಪ್ರತಿ ಶನಿವಾರ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬರ್ತಾನಪ್ಪ. ಆ ಹುಡುಗೀನೂ ಒಳ್ಳೇವಳೇ. ಅವಳ ಮಾತ್ರೆಯಿಂದಲೇ ನಡೀತಾ ಇದೆ ಈ ಗಾಡಿ. ಏನ್ಮಾಡೋದು, ಒಬ್ಬರಿಗೇ ಅಲ್ವಾ ಹಾಕೋದು?’ ಅಂದರು.

ಶಶಿಕಾಂತನ ಕೈಯಲ್ಲಿ ಪೆನ್ನಿತ್ತು. ಅಧಿಕಾರಿಣಿ ದೂರದಲ್ಲಿ ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಳು. ಕೇಶವಮೂರ್ತಿಗಳು ತಲೆ ಎತ್ತಿ, ಏನನ್ನೂ ನೋಡದ ಕಣ್ಣುಗಳನ್ನು ಗೋಡೆಯ ಬಾಸ್ಕೆಟ್‌ಬಾಲ್ ಬುಟ್ಟಿಯ ಕಡೆಗೆ ಇಟ್ಟುಕೊಂಡು, ತಾಳ್ಮೆಯಿಂದ ನಿಂತಿದ್ದರು. ಕೆಳಗಿನದನ್ನು ತುಂಬಿದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗ್ಗೆಯಿಂದ ಅವಳಿಗಾಗಿ ಒಂದು ವೋಟು ಗಳಿಸಿದ್ದೇನೆಂದು ಖಾತ್ರಿಯಾಗಿ ಹೇಳಲು ಬಾರದವನ ಕೈಗೆ ಇಡೀ ಒಂದು ವೋಟು ಬಂದು ಬಿದ್ದಿತ್ತು. ಆ ನಗುವಿಗೆ ಇದು ಸರಿಹೋಗುತ್ತದೆ ಎನ್ನುವ ಯೋಚನೆಯೂ ಬಂತು. ಅಂಥದ್ದೊಂದು ಯೋಚನೆ ಎಷ್ಟು ಸಲೀಸಾಗಿ, ಮೊದಲೇ ತಯಾರಾಗಿದ್ದ ಹಾಗೆ ಬಂತೆಂದು ಅವನಿಗೇ ಹೆದರಿಕೆಯಾಯಿತು. ಪೆನ್ನಿನ ತುದಿ ಕೆಳಗಿನ ಮೊಟ್ಟೆಯ ಅಂಚಿನ ಮೇಲೆ, ಕಾಗದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಎಷ್ಟು ಹೊತ್ತೋ. ‘ಸಿಕ್ಕಲಿಲ್ವೇನೋ?’ ಎಂದು ಮುದುಕರು ಕೇಳಿದರು. ‘ಸಿಕ್ತು ಸರ್’ ಎಂದು ಅವನು ಕೈಯನ್ನು ಮೇಲಕ್ಕೆ ತಂದು, ಅಂಚು ದಾಟದ ಹಾಗೆ, ಚಿತ್ರಕ್ಕೆ ಬಣ್ಣ ತುಂಬುವ ಮಗುವಿನಂತೆ ಹರಿಪ್ರಸಾದನ ಹೆಸರಿನ ಪಕ್ಕದ ಮೊಟ್ಟೆಯನ್ನು ಪೂರ್ತಿ ಕಪ್ಪು ಮಾಡಿದ. ಯಂತ್ರ ಕಾಗದವನ್ನು ಒಳಗೆಳೆದುಕೊಂಡು ಕಿಣ್ ಎಂದಿತು. ಹೊರಗೆ ಬಂದ ಮೇಲೆ ಕೇಶವಮೂರ್ತಿಗಳು ಅವನ ಮೊಣಕೈ ಅದುಮಿ, ‘ಇನ್ನೇನು, ಆ ಹುಡುಗೀಗೂ ಒಳ್ಳೇದಾಗಲಿ ಅಂತ ನಾನೂ ಕೇಳ್ಕೋತೀನಿ’ ಎಂದು ಹೇಳಿ ಕೋಲು ಕುಟ್ಟುತ್ತ ಹೋದರು. ತಾನು ಮಾಡಿದ್ದು ಸರಿ ಎಂದು ಶಶಿಕಾಂತನಿಗೆ ಗೊತ್ತಿತ್ತು. ಸರಿಯಾದದ್ದನ್ನು ಮಾಡಿದ ಮೇಲೆ ಬರುವ ಸಮಾಧಾನ ಮಾತ್ರ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿದ್ದ ಕಡೆ ಬಾಯಿಬಿಟ್ಟು ನಕ್ಕೆ; ಇಲ್ಲಿ, ಅವಳಿಗೆ ನಷ್ಟವಾಗುವ ಕಡೆ, ಸತ್ಯಸಂಧನಾದೆ ಅಂದುಕೊಂಡ. ಮರದ ಕೆಳಗೆ ಕೂತು ಅವನು ಬಿಲ್ಲೆಯನ್ನು ಮತ್ತೆ ಚುಚ್ಚಿಕೊಳ್ಳಲು ಹೋದ. ಪಿನ್ನು ಬಟ್ಟೆಯೊಳಗೆ ಇಳಿಯದೆ ಬೆರಳಿಗೆ ಚುಚ್ಚಿತು.

ನಾಲ್ಕು ಗಂಟೆಗೆ ಗೌಹರ್ ಬಂದಳು. ಬೆಳಗಿನಿಂದ ಹದಿನಾಲ್ಕು ಮತಗಟ್ಟೆ ಸುತ್ತಿ ಬಂದಿದ್ದಳು; ಕಣ್ಣ ಕೆಳಗೆ ಕಪ್ಪು, ತಲೆಯ ಮೇಲಿನ ಬೂದುಬಣ್ಣದ ಸ್ಕಾರ್ಫ್ ಹಣೆಯ ಹತ್ತಿರ ಬೆವರಿಗೆ ಒದ್ದೆ. ತಣ್ಣಗಿನ ನೀರಿನ ಎರಡು ಬಾಟಲಿ ಕೊಟ್ಟಳು. ‘ಊಟ ಮಾಡಿದ್ರಾ?’

‘ಆಯ್ತು’ ಎಂದು ಸುಳ್ಳು ಹೇಳಿದ.

‘ಹಲೋ ಆಂಟಿ’ ಎಂದು ಚಪ್ಪರದ ಕೆಳಗಿನಿಂದ ಅಭಿಷೇಕ್ ಎದ್ದು ನಿಂತ. ಗೌಹರ್ ಅವನತ್ತ ಒಂದು ಕ್ಷಣ ನೋಡಿ, ‘ಚೆನ್ನಾಗಿದೀರಾ? ಮುಖ ಕೆಂಪಾಗಿದೆ, ಟೋಪಿ ಹಾಕ್ಕೊಳ್ಳಿ’ ಅಂದಳು. ಆ ವಿಡಿಯೋ ನೋಡಿದವರು ಹೀಗೆ ಮಾತಾಡುತ್ತಾರೆಯೆ? ಅವಳಿಗೆ ಗೊತ್ತಿಲ್ಲ ಹಾಗಾದರೆ. ಶಶಿಕಾಂತನಿಗೆ ಒಂದು ಉಸಿರು ಹಗುರಾಯಿತು. ಆ ಹಗುರದ ಮೇಲೆ ಮರುಕ್ಷಣವೇ ಅಸಹ್ಯ ಬಂತು. ಈಗ ಹೇಳಿಬಿಡಬೇಕು, ಇಲ್ಲೇ, ಇವನ ಎದುರಿಗೇ. ‘ಗೌಹರ್ ಅವ್ರೇ, ಒಂದ್ ವಿಷ್ಯ’ ಎಂದು ಶುರುಮಾಡಿದ. ಅಷ್ಟರಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬಳು ಬಿಳಿಯ ಹೆಂಗಸು ಬಂದಳು. ಗೌಹರ್ ಅವಳತ್ತ ಹೋಗಿ ಡೇಟಾ ಸೆಂಟರಿನ ಗುಂಯ್‌ಗುಡುವ ಸದ್ದಿನ ವಿಷಯ ಮಾತಾಡತೊಡಗಿದಳು. ಮಾತು ಮುಗಿದ ಮೇಲೆ ಗಡಿಯಾರ ನೋಡಿ ‘ಬರ್ತೀನಿ, ಇನ್ನೂ ಮೂರಿವೆ’ ಎಂದು ಹೊರಟುಹೋದಳು.

ಏಳಕ್ಕೆ ಬಾಗಿಲು ಮುಚ್ಚಿತು. ಗೌಹರಳ ಮನೆಗೆ ಹೋದಾಗ ಹೊರಗೆ ಇನ್ನೂ ಹಗಲಿನಂಥ ಬೆಳಕು. ಒಳಗೆ ಹದಿನೈದು ಜನ ಇದ್ದರೆ ಹೆಚ್ಚು. ಡೇಟಾ ಸೆಂಟರಿನ ಪಕ್ಕದ ಬೀದಿಯವರು, ಇಬ್ಬರು ನಿವೃತ್ತ ಟೀಚರುಗಳು, ಅವಳ ಜೊತೆ ಕೆಲಸ ಮಾಡುವ ಒಬ್ಬಳು. ಗಂಡ ಹಫೀಜುಲ್ಲಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಮತಗಟ್ಟೆಯ ಅಂಕಿ ಓದುತ್ತಿದ್ದ. ಶಶಿಕಾಂತ ನಿಂತಿದ್ದ ಶಾಲೆಯದು ಐದನೆಯದಾಗಿ ಬಂತು: ಹರಿಪ್ರಸಾದ ಇನ್ನೂರ ಮೂವತ್ತೊಂದು, ಗೌಹರ್ ಎಂಬತ್ತೆಂಟು. ಯಾರೂ ಅವನ ಕಡೆ ನೋಡಲಿಲ್ಲ. ಎಂಟೂ ಕಾಲಿನ ಹೊತ್ತಿಗೆ ಸಾವಿರಕ್ಕೂ ಹೆಚ್ಚಿನ ಅಂತರ ಎಂದು ಗೊತ್ತಾಗಿಹೋಯಿತು. ಗೌಹರ್ ಫೋನು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು ಎಲ್ಲರೆದುರಿಗೇ ಹರಿಪ್ರಸಾದನಿಗೆ ಕರೆ ಮಾಡಿದಳು. ‘ಅಭಿನಂದನೆಗಳು. ಡೇಟಾ ಸೆಂಟರಿಗೆ ಕರೆಂಟ್ ಕೊಡೋ ಆ ಸಬ್‌ಸ್ಟೇಷನ್ ವಿಷಯ ಮಾತ್ರ ಮರೀಬೇಡಿ. ನವೆಂಬರಿನ ಎಲೆಕ್ಷನ್ನಿಗೆ ನನ್ನಿಂದ ಏನಾಗಬೇಕೋ ಹೇಳಿ’ ಎಂದು ಹೇಳಿ ಇಟ್ಟಳು. ಟೀಚರುಗಳಲ್ಲಿ ಒಬ್ಬಳು ಅಳುತ್ತಿದ್ದಳು. ಗೌಹರ್ ಅವಳಿಗೆ ಟಿಶ್ಯೂ ಕೊಟ್ಟು, ಉಳಿದ ಪಿಜ್ಜಾ ಕಟ್ಟಿಕೊಟ್ಟು, ಒಬ್ಬೊಬ್ಬರನ್ನೇ ಬಾಗಿಲವರೆಗೆ ಬಿಟ್ಟುಬಂದಳು. ಕೊನೆಯಲ್ಲಿ ಉಳಿದವನು ಶಶಿಕಾಂತ. ಅವಳು ಅವನ ಜೊತೆ ಕಾರಿನವರೆಗೂ ಬಂದಳು.

‘ಗೌಹರ್ ಅವ್ರೇ, ಆ ವಿಡಿಯೋ. ಹರಿ ಮನೇದು. ಅದ್ರಲ್ಲಿ ಕೊನೇಲಿ ನಕ್ಕಿದ್ದು ನಾನು.’

‘ಗೊತ್ತು’ ಅಂದಳು.

ಅವನು ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟ.

‘ಬಂದ ದಿನವೇ ಕೇಳಿದೆ. ನಿಮ್ಮ ನಗು ಯಾರಿಗೆ ಗೊತ್ತಾಗಲ್ಲ? ಪಟ್ಟೀಲಿ ನಿಮ್ಮ ಹೆಸರು ಹೊಡೆದುಹಾಕಿದೆ. ಎರಡು ದಿನ ಆ ಸ್ಕೂಲಿಗೆ ಬೇರೆ ಯಾರಾದ್ರೂ ಸಿಗ್ತಾರಾ ಅಂತ ನೋಡಿದೆ. ಹದಿಮೂರು ಗಂಟೆ ನಿಂತ್ಕೊಳ್ಳೋರು ಯಾರೂ ಇರ್ಲಿಲ್ಲ. ಮತ್ತೆ ಬರ್ಕೊಂಡೆ.’ ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಕಾರಿನ ಬಾನೆಟ್ಟಿಗೆ ಒರಗಿಕೊಂಡಳು. ‘ಒಂದು ಕೇಳ್ಬೇಕು ಅಂತಿದ್ದೆ. ನಾನು ಹಾಗೆ ಮಾತಾಡ್ತೀನಾ?’

‘ಇಲ್ಲ. ದೇವರಾಣೆ ಇಲ್ಲ.’

‘ಹಾಗಾದ್ರೆ ನಗು ಯಾಕೆ ಬಂತು?’

ಅವಳು ಚುಚ್ಚಲು ಕೇಳಿದ್ದಲ್ಲ. ನೋವು ಯಾವಾಗಿನಿಂದ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೌಂಟರಿನಲ್ಲಿ ಕೇಳುವಂತೆ ಕೇಳಿ, ಉತ್ತರಕ್ಕಾಗಿ ಕಾದಳು. ಶಶಿಕಾಂತ ಹುಡುಕಿದ. ಅವಮಾನವಾಯಿತು ಅನ್ನಬಹುದಿತ್ತು, ಗೊತ್ತಾಗದೆ ಬಂತು ಅನ್ನಬಹುದಿತ್ತು. ಪಕ್ಕದ ಮನೆಯಲ್ಲಿ ಯಾರೋ ಹುಲ್ಲಿಗೆ ನೀರು ಬಿಟ್ಟರು. ‘ಎಲ್ರೂ ನನ್ನನ್ನೇ ನೋಡ್ತಿದ್ರು’ ಅಂದ.

‘ಹೂಂ’ ಅಂದಳು ಗೌಹರ್. ಕ್ಷಮಿಸಿದೆ ಎಂದಾಗಲಿ, ಪರವಾಗಿಲ್ಲ ಎಂದಾಗಲಿ ಹೇಳಲಿಲ್ಲ. ಬಾನೆಟ್ಟಿನಿಂದ ಬೆನ್ನು ಎತ್ತಿ, ಸ್ಕಾರ್ಫ್ ಸರಿಮಾಡಿಕೊಂಡಳು. ‘ನಾಳೆ ರಸ್ತೆ ಬದಿ ಬೋರ್ಡುಗಳನ್ನೆಲ್ಲ ಕೀಳ್ಬೇಕು. ಒಂಬತ್ತಕ್ಕೆ ನನಗೆ ಅಂಗಡಿ. ಆರಕ್ಕೆ ಬರೋಕಾಗುತ್ತಾ?’

‘ಬರ್ತೀನಿ.’

ಅವಳು ಒಳಗೆ ಹೋದಳು. ಅವನು ಕಾರಿನೊಳಗೆ ಕೂತ. ಬಾಗಿಲು ಹಾಕಿಕೊಳ್ಳಲಿಲ್ಲ. ಒಂದು ಕಾಲು ಇನ್ನೂ ಹೊರಗೇ ಇತ್ತು. ಬಯ್ದಿದ್ದರೆ ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು, ಕ್ಷಮಿಸಿದ್ದರೆ ಇಳಿಸಿ ಹೋಗಬಹುದಿತ್ತು. ಅವಳು ಒಂದು ಕೆಲಸ ಕೊಟ್ಟು ಒಂದು ಹೊತ್ತು ಹೇಳಿದ್ದಳು, ಅಷ್ಟೇ. ಮುದುಕರ ಮತಪತ್ರದ ವಿಷಯ ಅವಳಿಗೆ ಎಂದೂ ಹೇಳುವಂತಿಲ್ಲ. ಅದೊಂದು ತನ್ನಲ್ಲೇ ಉಳಿಯುತ್ತದೆ.

ಫೋನು ಬಡಿದುಕೊಂಡಿತು. ಆರತಿ. ಹಿಂದೆ ಗದ್ದಲ, ಪಾತ್ರೆಗಳ ಸದ್ದು, ನಗು. ‘ಎಲ್ಲಿದೀರಿ? ನಾನು ಹರಿ ಮನೇಲಿದೀನಿ ರೀ, ಎಲ್ರೂ ಸೇರಿದಾರೆ, ನಾನೊಬ್ಬಳೇ ಹೇಗೆ ಬರ್ದೇ ಇರೋದು ಅಂತ ಬಂದೆ. ಹರಿ ನಿಮ್ಮನ್ನ ಕೇಳ್ತಾನೇ ಇದಾನೆ. ಒಂದೈದು ನಿಮಿಷ ಮುಖ ತೋರಿಸಿ ಹೋಗಿ.’

‘ಇಲ್ಲ ಆರತಿ.’

‘ಸುಸ್ತಾಗಿದ್ಯಾ? ತಲೆನೋವು ಅಂತ ಹೇಳ್ಲಾ?’

ಎಂದಿನ ದಾರಿ ಅದು. ಮೂವತ್ತು ವರ್ಷದ ದಾಂಪತ್ಯದಲ್ಲಿ ಆರತಿ ಅವನಿಗಾಗಿ ಎಷ್ಟೋ ಸಲ ತೆರೆದಿಟ್ಟ ಬಾಗಿಲು, ಪ್ರೀತಿಯಿಂದಲೇ ತೆರೆದಿಟ್ಟದ್ದು. ತಲೆಯೂ ನಿಜವಾಗಿ ನೋಯುತ್ತಿತ್ತು.

‘ಬೇಡ. ತಲೆನೋವು ಅನ್ಬೇ‌ಡ. ಅಭಿಷೇಕ್ ಅವತ್ತು ಅಲ್ಲಿ ಮಾಡಿದ್ದು ತಮಾಷೆ ಆಗಿರ್ಲಿಲ್ಲ. ನಾನು ನಗಬಾರ್ದಿತ್ತು. ಆ ಹಿತ್ತಲಿಗೆ ಬಂದು ನಿಂತ್ಕೊಳ್ಳೋಕೆ ನನಗಾಗಲ್ಲ. ಕೇಳಿದ್ರೆ ಹೀಗೇ ಅಂತ ಹೇಳು.’

ಹಿಂದಿನ ಗದ್ದಲ ನಿಂತಿತು. ಕರೆ ಕಟ್ಟಾಯಿತೇನೋ ಎಂದು ಅವನು ಫೋನು ಕಿವಿಯಿಂದ ತೆಗೆದು ನೋಡಿದ, ಕಟ್ಟಾಗಿರಲಿಲ್ಲ. ಎಲ್ಲೋ ಒಂದು ಚಮಚ ತಟ್ಟೆಗೆ ತಗುಲಿದ ಸದ್ದು ಬಂತು. ಆಮೇಲೆ, ಬಹಳ ಹತ್ತಿರದಿಂದ, ಸಣ್ಣ ದನಿಯಲ್ಲಿ, ‘ರೀ, ಸ್ಪೀಕರಲ್ಲಿ ಹಾಕಿದ್ದೆ’ ಅಂದಳು.

ಅವನಿಗೆ ಇಪ್ಪತ್ತೈದು ಮುಖಗಳು ಫೋನಿನ ಸುತ್ತ ನಿಂತಿರುವುದು ಕಂಡಂತಾಯಿತು. ಇಲ್ಲಪ್ಪ, ತಮಾಷೆಗೆ ಅಂದೆ ಎನ್ನಲು ಇನ್ನೂ ಹೊತ್ತಿತ್ತು. ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡ.

‘ಇರ್ಲಿ ಬಿಡು’ ಅಂದ. ‘ನೀನು ನಿಧಾನಕ್ಕೆ ಬಾ. ನಾನು ಮನೆಗೆ ಹೋಗಿ ಅನ್ನಕ್ಕಿಡ್ತೀನಿ.’